ತೆಂಕಣಕ್ಕೆ ಮುಖ ಮಾಡಿದ ಎರಡು ಸೈಕಲ್ಲು

ಕರಾವಳಿಯ ಸೈಕಲ್ ಪ್ರಯಾಣದಲ್ಲಿ ಮೊದಲು ವಿಚಾರಿಸಬೇಕಾದದ್ದು ಗಾಳಿಯನ್ನು. ಮಳೆಗಾಲ ಕಳೆದ ಮೇಲೆ, ಮುಖ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಉತ್ತರ ಕನ್ನಡದ ತೀರದಲ್ಲಿ ಬೆಳಗಿನ ಹೊತ್ತು ಘಟ್ಟದ ಕಡೆಯಿಂದ ತಣ್ಣನೆಯ ನೆಲಗಾಳಿ ಇಳಿಯುತ್ತದೆ. ಬಿಸಿಲೇರಿ ನೆಲ ಕಾದಂತೆ ಅದು ಅಡಗಿ, ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಈ ಗಾಳಿ ವಾಯುವ್ಯದ ಕಡೆಯಿಂದ ಬೀಸುವುದೇ ಹೆಚ್ಚು. ಹಾಗಾಗಿ ಗೋಕರ್ಣದಿಂದ ಮುರ್ಡೇಶ್ವರಕ್ಕೆ ಹೊರಟವರಿಗೆ ದಣಿವಿನ ಹೊತ್ತಿನಲ್ಲೇ ಬೆನ್ನಿಗೆ ಗಾಳಿ ಸಿಗುತ್ತದೆ. ಅದೇ ದಾರಿಯನ್ನು ತೆಂಕಣದಿಂದ ಬಡಗಣಕ್ಕೆ ತುಳಿದವರು ಮಧ್ಯಾಹ್ನವಿಡೀ ಸೆಣಸಬೇಕು. ಗಂಟೆಗೆ 18 ಕಿ.ಮೀ. ಓಡುವ ಸೈಕಲ್ಲಿಗೆ 12 ಕಿ.ಮೀ. ವೇಗದ ಗಾಳಿ ನೇರ ಎದುರಾದರೆ ಮೈಗೆ ತಾಗುವುದು 30 ಕಿ.ಮೀ. ಗಾಳಿ, ನೇರ ಬೆನ್ನಿಗಾದರೆ 6. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಎರಡರ ನಡುವಿನ ಅಂತರ 25 ಪಟ್ಟು. ಇಷ್ಟು ಗೊತ್ತಿದ್ದೂ ಊಟವಾದ ಮೇಲೆ ಉತ್ತರಕ್ಕೆ ಹೊರಡುವವರನ್ನು ಕಂಡರೆ ಮರುಕವೇ ಆಗುತ್ತದೆ.

ಗೋಕರ್ಣದಿಂದ ತದಡಿಯ ಧಕ್ಕೆ ಹತ್ತಿರವೇ ಇದೆ. ಅಲ್ಲಿಂದ ಬೋಟಿನಲ್ಲಿ ಸೈಕಲ್ ಸಮೇತ ಅಘನಾಶಿನಿ ಹೊಳೆಯನ್ನು ದಾಟಿದರೆ ಆಚೆ ದಡದಲ್ಲಿ ಹೊಳೆಯದೇ ಹೆಸರಿನ ಊರು. ಮುಂದೆ ಬಾಡದ ಮೇಲಿನ ಒಳದಾರಿ ಕುಮಟಾ ಮುಟ್ಟಿಸುತ್ತದೆ. ಈ ದಾರಿ ಬಿಟ್ಟು ಮಿರ್ಜಾನಿನ ಮೂಲಕ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿಯುವ ಸೈಕಲ್ಲಿಗರು ಕಡಿಮೆಯಿಲ್ಲ. ಬೋಟಿಗೆ ಕಾದರೆ ಸರಾಸರಿ ವೇಗ ಇಳಿಯುತ್ತದೆ ಎಂಬುದು ಅವರ ವಾದ. ಮೊಬೈಲಿನಲ್ಲಿ ಮೂಡುವ ಒಂದು ಅಂಕಿಗಾಗಿ ಇಡೀ ಅಳಿವೆಯನ್ನೇ ಬಿಟ್ಟುಕೊಡುವ ಈ ಲೆಕ್ಕ ಸಹಿಸಲು ಕಷ್ಟ. ಅಣೆಕಟ್ಟಿನ ತಡೆಯಿಲ್ಲದೆ ಘಟ್ಟದಿಂದ ಕಡಲಿಗೆ ಹರಿದು ಬರುವ ಹೊಳೆ ಇದು. ಇಳಿತದ ಹೊತ್ತಿಗೆ ಬೋಟು ಸಿಕ್ಕರೆ, ನೀರಿಗಿಳಿದು ಬಳಚು ಆಯುವವರು ಕಾಣುತ್ತಾರೆ: ಕಾಲಿನಿಂದ ಕೆಸರನ್ನು ತಡವಿ, ಮುಳುಗಿ, ಹಿಡಿ ತುಂಬ ಚಿಪ್ಪಿನೊಂದಿಗೆ ಏಳುತ್ತಾರೆ. ಹೊಳೆಯ ಮೇಲ್ಭಾಗದ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಬಡಗಣ ಬದಿಯ ಸಾಣಿಕಟ್ಟೆಯಲ್ಲಿ ಉಪ್ಪಿನಾಗರಗಳಿವೆ. ಒಂದೇ ಉಬ್ಬರದ ನೀರು ಒಂದು ಕಡೆ ಅನ್ನಕ್ಕೂ ಇನ್ನೊಂದು ಕಡೆ ಉಪ್ಪಿಗೂ ಒದಗುವ ಜಾಗವಿದು. ಹೆದ್ದಾರಿಯಲ್ಲಿ ಹೋದವರಿಗೆ ಸಿಗುವುದು ಮೀನಿನ ಲಾರಿಗಳ ಹಾರ್ನು.

ಕುಮಟಾದಿಂದ ಮುಂದೆ ಹೆದ್ದಾರಿ ಅನಿವಾರ್ಯ. ಹೊನ್ನಾವರಕ್ಕೆ ಸುಮಾರು 20 ಕಿ.ಮೀ.; ಶರಾವತಿ ಸೇತುವೆ ದಾಟಿದರೆ ಕಾಸರಕೋಡು, 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಕಡಲತೀರ. ಆತ್ಮಲಿಂಗದ ಕಥೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಗೋಕರ್ಣ, ಧಾರೇಶ್ವರ, ಗುಣವಂತೆ, ಮುರ್ಡೇಶ್ವರ ಈ ನಾಲ್ಕೂ ಒಂದೇ ಹಗಲಿನ ದಾರಿಯಲ್ಲಿ ಸಿಗುತ್ತವೆ.

ಇಬ್ಬರ ಪ್ರಯಾಣಕ್ಕೆ ಒಂದೇ ನಿಯಮ ಸಾಕು: ನಿಧಾನದವರು ಮುಂದೆ, ವೇಗದವರು ಹಿಂದೆ. ಎದುರುಗಾಳಿಯಲ್ಲಿ ಮಾತ್ರ ಇದು ತಿರುವುಮುರುವಾಗಬೇಕು. ಬಲವಿದ್ದವರು ಗಾಳಿ ಸೀಳಿದರೆ ಹಿಂಬದಿಯವರಿಗೆ ತುಳಿತ ಹಗುರಾಗುತ್ತದೆ. ಆದರೆ ರೂಢಿಯಲ್ಲಿರುವುದು ಬೇರೆಯೇ. “ನಾನು ಮುಂದೆ ಹೋಗಿ ಕಾಯ್ತಿರ್ತೇನೆ” ಎನ್ನುವುದು ಜೊತೆಪ್ರಯಾಣದ ಅತಿ ಕೆಟ್ಟ ಚಟ. ಬಲವಿದ್ದವರು ಏರು ಮುಗಿಸಿ, ಗೂಡಂಗಡಿಯ ನೆರಳಿಗೆ ಸೈಕಲ್ ಒರಗಿಸಿ, ಎಳನೀರು ಕುಡಿದು, ಬೆವರು ಆರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ತಲುಪುವ ಹೊತ್ತಿಗೆ “ಹೊರಡುವನಾ?” ಎನ್ನುತ್ತ ಎದ್ದೇಬಿಡುತ್ತಾರೆ. ದಣಿಯದವರಿಗೆ ಹತ್ತು ನಿಮಿಷದ ವಿಶ್ರಾಂತಿ, ದಣಿದವರಿಗೆ ಅರೆ ನಿಮಿಷವೂ ಇಲ್ಲ. ಚಿರೇಕಲ್ಲಿನ ಗುಡ್ಡ ಹತ್ತಿ ಹೊಳೆಬಾಯಿಗೆ ಇಳಿದು ಮತ್ತೆ ಹತ್ತುವುದೇ ಈ ತೀರದ ರಸ್ತೆಯ ಗುಣವಾದ್ದರಿಂದ, ಈ ಅನ್ಯಾಯ ಪ್ರತಿ ಏರಿಗೂ ಮರುಕಳಿಸುತ್ತದೆ. ಅದರ ಮೇಲೆ ಕಾದದ್ದನ್ನೇ ಉಪಕಾರವೆಂದು ಹೇಳಿಕೊಳ್ಳುವವರೂ ಇದ್ದಾರೆ! ಕೊನೆಯವರು ಸೈಕಲ್ಲಿನಿಂದ ಇಳಿದ ಮೇಲೆಯೇ ವಿಶ್ರಾಂತಿಯ ಹೊತ್ತು ಶುರುವಾಗಬೇಕು. ಅದನ್ನು ಒಪ್ಪದವರು ಒಬ್ಬರೇ ಹೋಗುವುದು ಒಳ್ಳೆಯದು. ಜೊತೆಗಾರರನ್ನು ದಿನವಿಡೀ ಅವಮಾನಕ್ಕೆ ಗುರಿಮಾಡುವ ಹಕ್ಕು ಯಾರಿಗೂ ಇಲ್ಲ.

ಹೊಟ್ಟೆಗೆ ಬೆಳಿಗ್ಗೆ ಅವಲಕ್ಕಿಯೋ ಬನ್ಸೋ ಸಾಕು. ಮೀನೂಟ ಮಾಡುವವರು ಊಟವಾದ ಮೇಲೆ ಕೊಂಚ ಕೂತು ಏಳುವುದು ವಾಸಿ.

ಇಳಿತದಲ್ಲಿ ಬಿಗಿಯಾಗುವ ಒದ್ದೆ ಮರಳಿನ ಮೇಲೆ ಸೈಕಲ್ ಸಲೀಸಾಗಿ ಓಡುತ್ತದೆ ಎಂಬುದು ನಿಜ. ಆದರೆ ಉಪ್ಪು ತೇವವನ್ನು ಎಳೆದುಕೊಂಡು ಚೈನಿಗೆ ತುಕ್ಕು ಹಿಡಿಸುತ್ತದೆ. ಮರಳಿನ ಕಣ ಎಣ್ಣೆಯಲ್ಲಿ ಕಲಸಿ ಹಲ್ಲುಗಳನ್ನು ಸವೆಸುತ್ತದೆ. ಮುರ್ಡೇಶ್ವರ ತಲುಪಿದ ಸಂಜೆಯೇ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಬೇಕು. ಸರ್ವಿಸ್ ಸ್ಟೇಷನ್ನಿನ ರಭಸದ ಪೈಪು ಬೇಡ, ಅದು ಉಪ್ಪನ್ನು ಬೇರಿಂಗಿನ ಒಳಗೇ ತಳ್ಳುತ್ತದೆ. ಚೈನು ಪೂರ್ತಿ ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಹಳೆಯ ಬಟ್ಟೆಯಿಂದ ಒರೆಸಿ ತೆಗೆಯಬೇಕು.