ಎಸರಿನ ಹದ

ನಮ್ಮ ವಿಜಯಪುರದ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಲೆ ಏರುವುದು ಚಹಾದ ಪಾತ್ರೆ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಒಳಗೆ ನೀರಿಗೆ ಸಕ್ಕರಿ ಬಿದ್ದಿರುತ್ತದೆ. ಬೇಡವೆಂದರೆ ಕೇಳುವವರಾರು? 'ಅರ್ಧಾ ಕಪ್ಪರ ಕುಡೀರಿ' ಎಂದು ಕಪ್ಪು-ಬಶಿ ಮುಂದೆ ಬಂದೇ ಬರುತ್ತದೆ. ಗಾಂಧಿ ಚೌಕದ ಅಂಗಡಿಯಿಂದ ಹಿಡಿದು ಟಿಕೋಟಾದ ಒಣದ್ರಾಕ್ಷಿ ಶೆಡ್ಡುಗಳವರೆಗೆ ಚಹಾದ ಶಾಸ್ತ್ರ ಒಂದೇ: ಕುದಿಸಬೇಕು, ಸಾಲದಿದ್ದರೆ ಇನ್ನಷ್ಟು ಕುದಿಸಬೇಕು. ನೀರು ಎಷ್ಟು ಕಾದಿದೆ ಎಂದು ಚಹಾ ಮಾಡುವವರನ್ನು ಯಾರೂ ಕೇಳಿದ್ದಿಲ್ಲ. ಉಕ್ಕಿ ಒಲೆಯ ಮೇಲೆ ಚೆಲ್ಲಿದರೆ ಸಾಕಷ್ಟು ಕಾದಿದೆ ಎಂದು ಅರ್ಥ.

ಇಂಥ ಚಹಾದ ಮನೆಗೆ ಕಾಫಿ ಸೀಮೆಯ ಸೊಸೆ ಬಂದಳು. ಚಿಕ್ಕಮಗಳೂರಿನ ಹುಡುಗಿ. ನಮ್ಮ ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಭಾಗ ಬೆಳೆಯುವುದು ನಮ್ಮ ರಾಜ್ಯದಲ್ಲೇ. ಆದರೆ ಅದು ಕೊಡಗು, ಚಿಕ್ಕಮಗಳೂರು, ಹಾಸನಗಳಿಂದ ಹೊರಟು ತುಂಗಭದ್ರೆ ದಾಟಿ, ಮಲಪ್ರಭೆ ಘಟಪ್ರಭೆ ದಾಟಿ, ಕೃಷ್ಣೆಯನ್ನೂ ದಾಟಿ ನಮ್ಮ ಮನೆ ಮುಟ್ಟುವಷ್ಟರಲ್ಲಿ ದಣಿದು, ಕಪಾಟಿನ ಮೂಲೆಯ ಒಂದು ಸಣ್ಣ ಬಾಟಲಿಯ ಪುಡಿಯಾಗಿ ಉಳಿದಿತ್ತು. ಸೊಸೆ ಏನೂ ಅನ್ನಲಿಲ್ಲ. ಕೊಟ್ಟ ಚಹಾವನ್ನು, ಅದೂ ಸಕ್ಕರಿ ಇಲ್ಲದ ಚಹಾವನ್ನು, ಔಷಧಿಯಂತೆ ಕುಡಿದು ಕಪ್ಪು ತೊಳೆದಿಡುತ್ತಿದ್ದಳು.

ಮಗನಿಗೆ ಇದು ಕಣ್ಣಿಗೆ ಬಿತ್ತು. ದೀಪಾವಳಿಗೆ ಎಸ್ಪ್ರೆಸೊ ಯಂತ್ರವೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸರಿನ ಪಕ್ಕ ಸ್ಥಾಪಿಸಿದ. ನಯವಾಗಿ ಬೀಸಿದ 18 ಗ್ರಾಂ ಪುಡಿಯನ್ನು ಹಿಡಿಕೆಯಿರುವ ಬಟ್ಟಲಿಗೆ ತುಂಬಿ, ಒತ್ತಿ, ಯಂತ್ರದ ಬಾಯಿಗೆ ಸಿಕ್ಕಿಸಬೇಕು. ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು ಒತ್ತಡದಲ್ಲಿ ಬಿಸಿನೀರು ಅದರೊಳಗಿಂದ ನುಗ್ಗಿ ಬರುತ್ತದೆ. ಅರ್ಧ ನಿಮಿಷದಲ್ಲಿ 36 ಗ್ರಾಂ ಕಾಫಿ ಇಳಿಯುತ್ತದೆ. ಮೇಲೊಂದಿಷ್ಟು ಹೊಂಬಣ್ಣದ ನೊರೆ. ಯಂತ್ರದ ಎದೆಯ ಮೇಲೆ ಸಣ್ಣ ಪರದೆ, ಅದರಲ್ಲಿ 90 ಎಂಬ ಅಂಕಿ, ಪಕ್ಕದಲ್ಲಿ ಏರಿಸುವ ಇಳಿಸುವ ಗುಂಡಿಗಳು. ಅದು ನೀರಿನ ಶಾಖದ ಅಂಕಿ ಎಂದು ಮಗ ವಿವರಿಸಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, 'ಜ್ವರ ಬಂದ ಕೂಸಿಗೆ ಹಚ್ಚಿದಂಗ ಇದಕ್ಕೂ ಥರ್ಮಾಮೀಟರ್ ಹಚ್ಚಬೇಕೇನೋ?' ಅಂದರು.

ಸೊಸೆ ಮೊದಲ ಕಪ್ಪು ಕುಡಿದಳು. ತವರಿನಿಂದ ಬಂದ ಕಾಳು, ಹಗುರಾಗಿ ಹುರಿದದ್ದು. 'ಹೆಂಗೈತೆವ್ವ?' ಎಂದೆ. 'ಚೆನ್ನಾಗಿದೆ ಅತ್ತೆ' ಎಂದಳು. ಆದರೆ ಚಹಾಕ್ಕೆ ಸಕ್ಕರಿ ಮುಟ್ಟದ ಹುಡುಗಿ ಆ ಪುಟ್ಟ ಕಪ್ಪಿಗೆ ಎರಡು ಚಮಚ ಸಕ್ಕರಿ ಹಾಕಿಕೊಂಡಿದ್ದಳು.

ಆ 'ಚೆನ್ನಾಗಿದೆ'ಯ ಅರ್ಥ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ. ನನ್ನ ತವರು ಟಿಕೋಟಾ, ಗಂಡನ ಮನೆ ಬಬಲೇಶ್ವರ. ಒಂದು ಅಥಣಿ ರಸ್ತೆಯ ಮೇಲಿನ ಊರು, ಇನ್ನೊಂದು ಜಮಖಂಡಿ ರಸ್ತೆಯದು. ಅದೇ ಬಿಳಿಜೋಳ, ಅದೇ ಕರಿಮಣ್ಣು. ಆದರೂ ನಮ್ಮವ್ವನ ರೊಟ್ಟಿ ಹಾಳೆಯಂತೆ ತೆಳು, ಅತ್ತೆಯ ಮನೆಯದು ದಪ್ಪ, ಮೆತ್ತಗೆ. ಕಳಿಸುವಾಗ ಅವ್ವ ಹೇಳಿದ್ದು ಒಂದೇ ಮಾತು: 'ಹೊಂದಿಕೊಂಡು ಹೋಗವ್ವ.' ಎರಡು ವರ್ಷ ನಾನೂ ದಪ್ಪ ರೊಟ್ಟಿ ಮುರಿಯುತ್ತ 'ಚಲೋ ಐತ್ರಿ' ಎಂದವಳೇ. ಆಮೇಲೆ ಅದು ನಿಜವಾಗಿಯೂ ಚಲೋ ಅನ್ನಿಸತೊಡಗಿತು. ಆದರೆ ನಡುವಿನ ಎರಡು ವರ್ಷದ ಲೆಕ್ಕ ಯಾರೂ ಇಡುವುದಿಲ್ಲ.

ಅದೇ ವಾರ ಅತ್ತೆಯವರು ಕಣ್ಣು ತೋರಿಸಲೆಂದು ಬಬಲೇಶ್ವರದಿಂದ ಬಂದರು. ಎಂಬತ್ತು ದಾಟಿದ ಜೀವ. ಕಟ್ಟೆಯ ಮೇಲಿನ ಹೊಸ ದೇವರನ್ನು ಕಂಡು, 'ನನಗೂ ಒಂದ್ ಗುಟುಕು ಹಾಕ' ಎಂದರು. ಬಶಿಗೆ ಸುರಿದುಕೊಂಡು ಕುಡಿದು ಮುಖ ಹಿಂಡಿದರು.

'ಹುಳಿ ಐತಲ್ಲ ಯವ್ವಾ! ಕಾಳು ಎಂಥಾದು? ಎಸರು ಎಷ್ಟು ಕಾದಿತ್ತು?'

ಸೊಸೆಗೆ ಎಸರು ಎಂದರೆ ತಿಳಿಯಲಿಲ್ಲ. ನನಗೆ ಮಾತ್ರ ಅತ್ತೆಯವರ ಆ ಪ್ರಶ್ನೆಯಿಂದ ಇಡೀ ಯಂತ್ರ ಅರ್ಥವಾಯಿತು.

ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಕಾದ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಉಬ್ಬಿ, ಬೆಂದು ಜಿಗುಟಾಗುತ್ತದೆ. ಆ ಜಿಗಿಯ ಮೇಲೇ ರೊಟ್ಟಿ ನಿಲ್ಲುವುದು. ಗಿರಣಿಯಿಂದ ಈಗಷ್ಟೇ ಬಂದ ಹಿಟ್ಟಾದರೆ ಎಸರು ಸ್ವಲ್ಪ ಸೌಮ್ಯವಾಗಿದ್ದರೂ ನಡೆದೀತು. ಬಹಳ ದಿನದ ಹಿಟ್ಟಾದರೆ ಕುದಿಕುದಿ ಎಸರೇ ಬೇಕು. ನೀರು ತಣ್ಣಗಾಗಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ, ಹಂಚಿಗೆ ಹಾಕುವಷ್ಟರಲ್ಲಿ ಮುರಿಯುತ್ತದೆ. ಹೊಸ ಸೊಸೆಯಾಗಿದ್ದಾಗ ನನ್ನ ರೊಟ್ಟಿ ಹರಿದರೆ ಅತ್ತೆಯವರು ನನ್ನನ್ನು ಬೈಯುತ್ತಿರಲಿಲ್ಲ. ಕೊಣಮಿಗಿಯೊಳಗೆ ಬೆರಳಿಟ್ಟು ನೋಡಿ, 'ಹಿಟ್ಟಿನ್ನ ಬೈದರ ರೊಟ್ಟಿ ಆಗೂದಿಲ್ಲವ್ವ, ನೀರು ನೋಡಬೇಕು' ಎನ್ನುತ್ತಿದ್ದರು.

ಕಾಫಿಯ ಕಾಳೂ ಹೀಗೆಯೇ. ಹಗುರಾಗಿ ಹುರಿದ ಕಾಳು ಗಟ್ಟಿ. ಸುಲಭಕ್ಕೆ ತನ್ನ ಸತ್ವ ಬಿಟ್ಟುಕೊಡುವುದಿಲ್ಲ. ನೀರಿನ ಶಾಖ ಸಾಲದೆ ಹೋದರೆ ಮೊದಲು ಕರಗುವ ಹುಳಿಯಷ್ಟೇ ಕಪ್ಪಿಗೆ ಬರುತ್ತದೆ, ಹಿಂದಿನಿಂದ ಬರಬೇಕಾದ ಸವಿ ಪುಡಿಯಲ್ಲೇ ಉಳಿಯುತ್ತದೆ. ಕಪ್ಪಗೆ ಹುರಿದ ಕಾಳು ಒಳಗೆ ಟೊಳ್ಳಾಗಿರುತ್ತದೆ. ಅದಕ್ಕೆ ಹೆಚ್ಚು ಕಾದ ನೀರು ತಾಗಿದರೆ ಕಹಿಯೆಲ್ಲ ಹೊರಬೀಳುತ್ತದೆ. ಎಸ್ಪ್ರೆಸೊಗೆ ಸಾಮಾನ್ಯವಾಗಿ 90ರಿಂದ 96 ಡಿಗ್ರಿಯ ನಡುವಿನ ನೀರು ಎನ್ನುತ್ತಾರೆ. ಬೆಂಗಳೂರಿನಲ್ಲಿ ಕಪ್ಪು ಹುರಿತದ ಪುಡಿ ಕುಡಿದು ರೂಢಿಯಾದ ಮಗ ತನ್ನ ಲೆಕ್ಕಕ್ಕೆ 90 ಇಟ್ಟಿದ್ದ. ಅದು ಅವನ ಕಾಳಿನ ಎಸರು, ಅವಳ ಕಾಳಿನದಲ್ಲ.

ಈ ಶಾಖದ ತಕರಾರು ಯಂತ್ರದಷ್ಟೇ ಹಳೆಯದು. ಇಟಲಿಯ ಮಿಲಾನ್ ನಗರದ ಲುಯಿಜಿ ಬೆಜ್ಜೆರಾ 1901ರಲ್ಲಿ ಪೇಟೆಂಟ್ ಪಡೆಯಲು ಹೊರಟ ಯಂತ್ರದಲ್ಲಿ ನೀರನ್ನು ತಳ್ಳುತ್ತಿದ್ದುದು ಹಬೆ. ಹಬೆಯಾಗಬೇಕಾದರೆ ನೀರು ಕುದಿಯಲೇಬೇಕು, ಕುದಿದ ನೀರಿನಿಂದ ಕಾಫಿ ಸುಟ್ಟಂತಾಗುತ್ತಿತ್ತು. ಅದೇ ಊರಿನ ಅಕಿಲೆ ಗಾಜಿಯಾ ಹಬೆಯ ಒತ್ತಡ ಬೇಡದ ದಾರಿ ಹುಡುಕಿ 1938ರಲ್ಲಿ ಪೇಟೆಂಟಿಗೆ ಹಾಕಿದ. ಮಹಾಯುದ್ಧ ಮುಗಿದ ಮೇಲೆ, 1948ರ ಹೊತ್ತಿಗೆ, ಸನ್ನೆ ಎಳೆದು ಒತ್ತಡ ಕೊಡುವ ಅವನ ಯಂತ್ರಗಳು ಬಂದವು. ಒತ್ತಡ ಬೇರೆ, ಶಾಖ ಬೇರೆ ಆದ ಮೇಲೆ ನೀರನ್ನು ಕುದಿಗಿಂತ ಕೆಳಗೆ ಇಡಲು ಸಾಧ್ಯವಾಯಿತು.

ಆ ರವಿವಾರ ಮಧ್ಯಾಹ್ನ ಗಂಡಸರು ಊಟ ಮಾಡಿ ಮಲಗಿದ ಮೇಲೆ ನಾವು ಮೂವರೂ ಅಡುಗೆಮನೆ ಸೇರಿದೆವು. ಪುಡಿ ಅಷ್ಟೇ, ಇಳಿಸುವ ಕಾಫಿ ಅಷ್ಟೇ, ಹೊತ್ತು ಅಷ್ಟೇ. ಬದಲಾಯಿಸುವುದು ಶಾಖ ಒಂದನ್ನೇ ಎಂದು ನಿಯಮ ಮಾಡಿಕೊಂಡೆವು. ಯಂತ್ರವನ್ನು ಅರ್ಧ ತಾಸು ಮೊದಲೇ ಹಚ್ಚಿಟ್ಟಿದ್ದೆವು. ಪರದೆಯ ಅಂಕಿ ಬೇಗ ಏರುತ್ತದೆ, ಆದರೆ ಅದು ಒಳಗಿನ ಬಾಯ್ಲರಿನದು. ನೀರು ದಾಟಿ ಬರುವ ಕಬ್ಬಿಣ, ಹಿತ್ತಾಳೆಯ ಭಾಗಗಳು ಕಾಯದಿದ್ದರೆ ಅವೇ ಶಾಖವನ್ನು ಕುಡಿದುಬಿಡುತ್ತವೆ. ಹಂಚು ಕಾಯುವ ಮೊದಲೇ ರೊಟ್ಟಿ ಹಾಕಿದಂತೆ.

92ಕ್ಕೆ ಹುಳಿ ಕಡಿಮೆಯಾಯಿತು. 'ಪರವಾಗಿಲ್ಲ' ಎಂದಳು ಸೊಸೆ. 94ಕ್ಕೆ ಏನೂ ಅನ್ನಲಿಲ್ಲ. ಸಕ್ಕರಿ ಡಬ್ಬಿಯನ್ನು ಮುಟ್ಟದೆ ಇನ್ನೊಂದು ಗುಟುಕು ಕುಡಿದಳು. 96ಕ್ಕೆ ನಾಲಿಗೆಯ ಹಿಂಭಾಗದಲ್ಲಿ ಕಹಿ ನಿಂತಿತು.

'ಅಲ್ಲಬೇ, ಸೀದಾ ಕುದಿ ನೀರೇ ಹಾಕಿಬಿಟ್ರ?' ಎಂದರು ಅತ್ತೆಯವರು.

ಅದಕ್ಕೆ ಸೊಸೆ ಹೇಳಿದ ಸಂಗತಿ ನನಗೂ ಹೊಸದು. ಊರು ಎತ್ತರದಲ್ಲಿದ್ದಷ್ಟೂ ನೀರು ಕಡಿಮೆ ಶಾಖಕ್ಕೇ ಕುದಿಯುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಇಲ್ಲಿ ನೀರು 98ರ ಸುಮಾರಿಗೆ ಕುದಿಯುತ್ತದೆ. ಅವಳ ಊರು 1000 ಮೀಟರಿಗೂ ಮೇಲೆ. ಅಲ್ಲಿ 97 ಮುಟ್ಟುವ ಮೊದಲೇ ಕುದಿ ಬಂದಿರುತ್ತದೆ. 'ನಮ್ಮಪ್ಪ ಕುದಿಯೋ ನೀರನ್ನೇ ಫಿಲ್ಟರಿಗೆ ಹಾಕೋರು ಅಜ್ಜಿ. ಅದು ಪುಡಿ ಮುಟ್ಟೋ ಹೊತ್ತಿಗೆ ಇನ್ನೂ ಆರಿರುತ್ತಿತ್ತು' ಎಂದಳು. ಅಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ನಮ್ಮ ಮನೆಯಲ್ಲಿ ಅವಳು ತಾನಾಗಿ ಅವರ ಮಾತು ತೆಗೆದದ್ದು ಆವತ್ತೇ.

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಂಗಾರ ಯಾವ ಅಂಕಿ ಇಡೋಣು? ನೀ ಹೇಳ' ಎಂದರು.

'94 ಇರಲಿ ಅಜ್ಜಿ. ನನಗೆ ಅದು ಬೇಕು.'

ಬೇಕು ಎಂಬ ಮಾತು ಅವಳ ಬಾಯಿಂದ ಬರಲು ಹನ್ನೊಂದು ತಿಂಗಳು ಹಿಡಿದಿತ್ತು.

ಇಂಥ ಯಂತ್ರ ಕೊಂಡ ಗೆಳತಿಯರು ಕೇಳಿದರೆ ನಾನು ಹೇಳುವುದಿಷ್ಟು. ಮೊದಲು ಪುಡಿಯ ನಯ ಸರಿಮಾಡಿಕೊಳ್ಳಿ, ಆಮೇಲೆ ಶಾಖಕ್ಕೆ ಕೈ ಹಾಕಿ. ಹುಳಿಯಾದರೆ ಏರಿಸಿ, ಕಹಿಯಾದರೆ ಇಳಿಸಿ, ಒಂದೆರಡು ಡಿಗ್ರಿಗಿಂತ ಹೆಚ್ಚು ಒಮ್ಮೆಲೇ ಬೇಡ. ಕಪ್ಪನ್ನೂ ಬಿಸಿ ಮಾಡಿಕೊಳ್ಳಿ. ನಮ್ಮ ಬೋರಿನ ಗಡಸು ನೀರನ್ನಂತೂ ಹಾಕಬೇಡಿ. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರು ಅದರ ಬಾಯ್ಲರಿನಲ್ಲೂ ಕಟ್ಟಿ, ಅಂಕಿ ಒಂದು ತೋರಿಸಿದರೆ ನೀರು ಇನ್ನೊಂದಾಗುತ್ತದೆ.

ಅತ್ತೆಯವರು ಎಂಟು ದಿನ ಇದ್ದರು. ಸೊಸೆ ಅವರ ಪಕ್ಕ ಕೂತು ರೊಟ್ಟಿ ಬಡಿಯಲು ಕಲಿತಳು. ಮೊದಲ ದಿನದ ರೊಟ್ಟಿ ಭೂಪಟದಂತೆ ಸೀಳಿತು. ಅತ್ತೆಯವರು ಏನೂ ಅನ್ನದೆ ಎಸರಿನ ಪಾತ್ರೆಯನ್ನು ಮತ್ತೆ ಒಲೆಗೆ ಏರಿಸಿದರು. ಯಜಮಾನರು ಈಗಲೂ ಚಹಾದವರೇ. ಮಗನಿಗೆ ಅವನ ಕಪ್ಪು ಪುಡಿ ಬೇಕಾದಾಗ ಅಂಕಿಯನ್ನು 90ಕ್ಕೆ ಇಳಿಸಿಕೊಳ್ಳುತ್ತಾನೆ, ಕುಡಿದ ಮೇಲೆ ತಿರುಗಿ 94ಕ್ಕೆ ಇಟ್ಟು ಹೋಗುತ್ತಾನೆ.

ಹೋದ ತಿಂಗಳು ಟಿಕೋಟಾದಲ್ಲಿ ನನ್ನ ತಂಗಿಯ ಮಗಳ ಮದುವೆ. ಕಳಿಸುವ ಹೊತ್ತಿಗೆ ಹಿರಿಯರೆಲ್ಲ ಒಬ್ಬೊಬ್ಬರಾಗಿ 'ಹೊಂದಿಕೊಂಡು ಹೋಗವ್ವ' ಎಂದರು. ನಾನು ಹುಡುಗಿಗೆ ಏನೂ ಹೇಳಲಿಲ್ಲ. ಬೀಗತಿಯ ಹತ್ತಿರ ಹೋಗಿ, 'ನಮ್ಮ ಹುಡುಗಿ ತೆಳು ರೊಟ್ಟಿ ಉಂಡು ಬೆಳದಾಳ್ರೀ. ಆಗಾಗ ಅಕಿ ಕೈಲೆ ಅದನ್ನ ಮಾಡಸ್ರಿ' ಎಂದೆ. ಆಕೆ ಒಂದು ಕ್ಷಣ ನನ್ನ ಮುಖ ನೋಡಿ, ನಕ್ಕು, 'ಆಗಲಿ ತಗೋರಿ, ನಾವೂ ಉಣ್ಣತೀವಿ' ಅಂದರು.