ಅಕ್ರಾ ನಗರದ ಹಳೆಬಟ್ಟೆ ಪೇಟೆ

ಪಶ್ಚಿಮ ಆಫ್ರಿಕದ ಘಾನಾ ದೇಶದ ರಾಜಧಾನಿಯಾದ ಅಕ್ರಾ ಕಡಲತಡಿಯ ಊರು. ಭೂಮಧ್ಯರೇಖೆಗೆ ಐದೂವರೆ ಡಿಗ್ರಿಗಳಷ್ಟೇ ಉತ್ತರಕ್ಕಿರುವುದರಿಂದ, ಮಂಗಳೂರು ಕಾರವಾರಗಳ ನಿವಾಸಿಗಳಿಗೆ ಚಿರಪರಿಚಿತವಾದ ಸೆಕೆಯೂ ಉಪ್ಪುಗಾಳಿಯೂ ಅಲ್ಲಿ ಸಾಕಷ್ಟು ಉಂಟು. ಆದರೂ ಅಲ್ಲಿನ ಜನ ಉಡುಪಿನ ವಿಷಯದಲ್ಲಿ ಉದಾಸೀನರಲ್ಲ. ಬೆಳಗಿನ ಹೊತ್ತು ಬ್ಯಾಂಕು, ಕಚೇರಿ, ಶಾಲೆಗಳ ಕಡೆಗೆ ಹೊರಟವರನ್ನು ನೋಡಬೇಕು. ಗೆರೆ ಕೆಡದ ಷರಾಯಿ, ಗಂಜಿ ಹಾಕಿದಂತೆ ನಿಂತ ಕಾಲರು, ಮೈಯಳತೆಗೆ ಒಪ್ಪುವ ಕೋಟು. ಹೊಸದಾಗಿ ಕೆಲಸಕ್ಕೆ ಸೇರಿದ ತರುಣಿಯ ನಡಿಗೆಯಲ್ಲಿಯೂ ಹತ್ತು ವರ್ಷ ಕುರ್ಚಿಯಲ್ಲಿ ಕುಳಿತವಳ ಗತ್ತು ಕಾಣುವುದು. ಆ ಕೋಟು ಒಂದು ಕಾಲದಲ್ಲಿ ಇಂಗ್ಲೆಂಡಿನ ಯಾವುದೋ ಪಟ್ಟಣದಲ್ಲಿ, ಯಾರದೋ ಬಟ್ಟೆಯ ಬೀರುವಿನಲ್ಲಿ ತೂಗಾಡುತ್ತಿತ್ತೆಂದು ಹೇಳಿದರೆ ಹೊಸಬರು ನಂಬಲಾರರು. ಊರಿನವರಿಗೆ ಅದರಲ್ಲಿ ಸೋಜಿಗವೇನೂ ಇಲ್ಲ. ಅದು ಕಾಂಟಾಮಾಂಟೊದಿಂದ ಬಂದದ್ದು.

ಕಾಂಟಾಮಾಂಟೊ ಎಂಬುದು ನಗರದ ನಟ್ಟನಡುವೆ, ಹಳೆಯ ರೈಲು ನಿಲ್ದಾಣದ ಮಗ್ಗುಲಲ್ಲಿ ಹಬ್ಬಿರುವ ಪೇಟೆ. ಮರದ ಹಲಗೆಗಳ ಸಾಲುಸಾಲು ಕಟ್ಟೆಗಳು. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಿ ನಿಲ್ಲಬೇಕಾದಂತಹ ಓಣಿಗಳು. ತಲೆಯ ಮೇಲೆ ತಗಡು, ಟಾರ್ಪಾಲು. ವಾರಕ್ಕೆ ಸುಮಾರು 1.5 ಕೋಟಿ ಉಡುಪುಗಳು ಈ ಪೇಟೆಯ ಮೂಲಕ ಹಾಯುತ್ತವೆಂದು ಅಲ್ಲಿ ಕೆಲಸ ಮಾಡುವ ‘ದಿ ಓರ್ ಫೌಂಡೇಷನ್’ ಎಂಬ ಸಂಸ್ಥೆಯ ಅಂದಾಜು. ಲೆಕ್ಕದಲ್ಲಿ ಹೆಚ್ಚುಕಡಿಮೆ ಇರಬಹುದೆಂದುಕೊಂಡರೂ, ಪಶ್ಚಿಮ ಆಫ್ರಿಕದಲ್ಲಿ ಹಳೆಯ ಬಟ್ಟೆಗೆ ಇದಕ್ಕಿಂತ ಹೆಸರಾದ ಸ್ಥಳ ದೊರೆಯುವುದು ಕಷ್ಟ.

ಈ ಬಟ್ಟೆಗಳಿಗೆ ಅಲ್ಲಿನ ಆಕಾನ್ ಭಾಷೆಯಲ್ಲಿ ‘ಒಬ್ರೋನಿ ವಾವು’ ಎಂದು ಹೆಸರು. ‘ಬಿಳಿಯ ಸತ್ತಿದ್ದಾನೆ’ ಎಂಬುದು ಅದರ ಅರ್ಥ. ಇಷ್ಟು ಒಳ್ಳೆಯ ಬಟ್ಟೆಯನ್ನು ಜೀವಂತವಿರುವವನು ಯಾರಾದರೂ ಬಿಟ್ಟುಕೊಡುವುದುಂಟೇ, ಉಟ್ಟವನು ತೀರಿಕೊಂಡಿರಲೇಬೇಕು ಎಂಬ ಊಹೆಯಿಂದ ಹುಟ್ಟಿದ ಮಾತಂತೆ. ಬೇರೆ ನಾಡುಗಳಲ್ಲಿ ಬೇರೆ ಹೆಸರುಗಳು: ಕೀನ್ಯಾದಲ್ಲಿ ‘ಮಿಟುಂಬಾ’, ಅಂದರೆ ಗಂಟುಗಳು, ಜಾಂಬಿಯಾದಲ್ಲಿ ‘ಸಲಾವುಲಾ’, ಅಂದರೆ ರಾಶಿಯನ್ನು ಕೆದಕಿ ಆರಿಸುವುದು. ಸತ್ತವನ ಹೆಸರನ್ನು ಹೇಳಿಕೊಂಡೇ ಬಟ್ಟೆ ಕೊಂಡು ನಿಶ್ಚಿಂತೆಯಿಂದ ತೊಡುವ ಘಾನಾದವರ ಧೈರ್ಯ ಕನ್ನಡ ನಾಡಿನ ಮನೆಗಳಲ್ಲಿ ಅಷ್ಟಾಗಿ ಇಲ್ಲ. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುವುದು ಸರಿ. ಅಜ್ಜಿಯ ಹಳೆಯ ಸೀರೆ ಕೌದಿಯಾಗುವುದೂ ತೊಟ್ಟಿಲ ಜೋಲಿಯಾಗುವುದೂ ಸರಿ. ಪರರು ಉಟ್ಟದ್ದೆಂದರೆ ಮಾತ್ರ ಮೂಗು ಮುರಿಯುವರು. ಸ್ಟೀಲು ಪಾತ್ರೆಯವಳಿಗೆ ಮನೆಬಾಗಿಲಲ್ಲಿ ಹಾಕಿದ ಪ್ಯಾಂಟು ಅಂಗಿಗಳು ಮುಂದೆ ಯಾರ ಮೈಗೇರುತ್ತವೆಂದು ವಿಚಾರಿಸಿದವರೂ ಕಡಮೆ.

ಘಾನಾಕ್ಕೆ ಬರುವ ಬಟ್ಟೆಗಳ ದಾರಿ ಬಹು ಉದ್ದ. ಬ್ರಿಟನ್, ಯೂರೋಪು, ಅಮೆರಿಕ, ಕೆನಡಾ ಮೊದಲಾದ ಕಡೆಗಳಲ್ಲಿ ಜನರು ಧರ್ಮಸಂಸ್ಥೆಗಳಿಗೆ ದಾನವಾಗಿ ಕೊಟ್ಟದ್ದು ಅಲ್ಲಿಯೇ ಎಲ್ಲವೂ ಮಾರಾಟವಾಗದೆ ಸಗಟು ವ್ಯಾಪಾರಿಗಳ ಕೈಸೇರುತ್ತದೆ. ಅವರು ಅಂಗಿ, ಕೋಟು, ಮಕ್ಕಳ ಉಡುಪು ಎಂದು ವಿಂಗಡಿಸಿ, ಯಂತ್ರದಿಂದ ಒತ್ತಿ, ಸುಮಾರು 55 ಕಿಲೋ ತೂಕದ ಬೇಲುಗಳಾಗಿ ಬಿಗಿಯುವರು. ಆಫ್ರಿಕಕ್ಕೆ ಹೋಗುವ ಹಳೆಬಟ್ಟೆಯ ಈ ವಿಂಗಡಣೆಯಲ್ಲಿ ಭಾರತಕ್ಕೂ ಒಂದು ಪಾಲಿದೆ. 1965ರಲ್ಲಿ ಆರಂಭವಾದ ಗುಜರಾತಿನ ಕಾಂಡ್ಲಾ ರಫ್ತು ವಲಯದಲ್ಲಿ ವಿದೇಶದ ಹಳೆಬಟ್ಟೆಯನ್ನು ತರಿಸಿ, ನೂರಾರು ಹೆಂಗಸರ ಕೈಯಿಂದ ಆರಿಸಿ, ಮತ್ತೆ ಆಫ್ರಿಕದ ದೇಶಗಳಿಗೆ ಕಳುಹಿಸುವ ಕಾರ್ಖಾನೆಗಳಿವೆ.

ಘಾನಾದ ಟೆಮಾ ಬಂದರಿನಲ್ಲಿಳಿದ ಬೇಲು ಲಾರಿಯಲ್ಲಿ ಅಕ್ರಾ ಸೇರುವುದು. ಓಣಿಗಳೊಳಗೆ ಲಾರಿಯೂ ನುಗ್ಗದು, ಗಾಡಿಯೂ ನುಗ್ಗದು. ಅಲ್ಲಿಂದ ಮುಂದಕ್ಕೆ ‘ಕಾಯಾಯೇ’ಗಳ ತಲೆಯೇ ಗತಿ. ಉತ್ತರದ ಬಡ ಜಿಲ್ಲೆಗಳಿಂದ ಹೊಟ್ಟೆಪಾಡಿಗೆ ಬಂದ ಹೆಣ್ಣುಮಕ್ಕಳಿಗೆ ಆ ಹೆಸರು. ಹೌಸಾ ಭಾಷೆಯ ‘ಕಾಯಾ’ ಎಂದರೆ ಹೊರೆ, ಅಕ್ರಾದ ಗಾ ಜನರ ನುಡಿಯಲ್ಲಿ ‘ಯೇ’ ಎಂದರೆ ಹೆಂಗಸರು. ತಮ್ಮಷ್ಟೇ ತೂಕದ ಬೇಲನ್ನು ತಲೆಯ ಮೇಲಿಟ್ಟುಕೊಂಡು ಕೆಲವೇ ಸೀಡಿ ನಾಣ್ಯಗಳಿಗಾಗಿ ನಡೆಯುವ ಈ ಹುಡುಗಿಯರಲ್ಲಿ ಎಷ್ಟೋ ಮಂದಿಗೆ ಕುತ್ತಿಗೆ ಬೆನ್ನುಗಳ ಶಾಶ್ವತ ನೋವು ಅಂಟಿಕೊಳ್ಳುತ್ತದೆ. ಕಚೇರಿಯ ತರುಣಿಯ ಕೋಟಿನ ಬೆಲೆಯಲ್ಲಿ ಈ ನೋವಿಗೆ ಸಿಕ್ಕಿರುವ ಭಾಗ ಅತ್ಯಲ್ಪ.

ಬೇಲನ್ನು ಕೊಳ್ಳುವ ವ್ಯಾಪಾರಿಯ ಪಾಡು ಇನ್ನೊಂದು ಬಗೆಯದು. ಕೊಳ್ಳುವಾಗ ಅದನ್ನು ಬಿಚ್ಚಿ ನೋಡುವಂತಿಲ್ಲ. ‘ಹೆಂಗಸರ ಕುಪ್ಪಸ’, ‘ಗಂಡಸರ ಷರಾಯಿ’ ಎಂದು ಹೊರಗೆ ಬರೆದಿರುವುದಷ್ಟೇ ಆಧಾರ. ಸಾಲ ತಂದು ಹಣ ತೆತ್ತು, ತನ್ನ ಕಟ್ಟೆಯ ಮುಂದೆ ಪಟ್ಟಿಗಳನ್ನು ಕತ್ತರಿಸಿದಾಗಲೇ ಒಳಗಿನ ಸತ್ಯ ತಿಳಿಯುವುದು. ಆ ಕ್ಷಣಕ್ಕೆ ಸುತ್ತ ಒಂದು ಗುಂಪೇ ಸೇರುತ್ತದೆ. ಮೇಲ್ತರಗತಿಯ ಬಟ್ಟೆಯನ್ನು ಮೊದಲೇ ಆರಿಸಿಕೊಂಡು ತಮ್ಮ ಗಿರಾಕಿಗಳಿಗೆ ಮಾರುವವರು, ಹೊಲಿಗೆಯವರು, ಚಿಲ್ಲರೆ ವ್ಯಾಪಾರಿಗಳು. ಕಲೆಯಿಲ್ಲದ, ಗುಂಡಿ ಹೋಗದ ಮಾಲು ‘ಫಸ್ಟ್ ಸೆಲೆಕ್ಷನ್’. ಮೊದಲಿನ ಕೆಲವು ಉಡುಪುಗಳಲ್ಲಿ ಸಾಲದ ಬಹುಭಾಗ ಹುಟ್ಟಬೇಕು. ಉಳಿದದ್ದು ದಿನಗಳೆದಂತೆ ಇಳಿಯುವ ಬೆಲೆಗೆ ಹೋಗುವುದು. ಹರಿದ, ಜಿಡ್ಡು ಹಿಡಿದ ಬಟ್ಟೆಯೇ ಹೆಚ್ಚಾಗಿ ಬಂದರೆ ಮುಂದಿನ ಬೇಲಿಗೂ ಸಾಲವೇ. ಇತ್ತೀಚಿನ ವರ್ಷಗಳಲ್ಲಿ ಪಶ್ಚಿಮದಲ್ಲಿ ತೆಳುವಾದ, ಅಗ್ಗದ, ನಾಲ್ಕು ಒಗೆತಕ್ಕೆ ಜೋಲುವ ಉಡುಪಿನ ತಯಾರಿಕೆ ಹೆಚ್ಚಿರುವುದರಿಂದ ಬೇಲಿನ ಗುಣವೂ ಕುಸಿದಿದೆಯೆಂಬುದು ಪೇಟೆಯವರೆಲ್ಲರ ದೂರು.

ಕೊಳ್ಳಲು ಬರುವವರ ಜಾಣ್ಮೆಯೂ ಸಾಮಾನ್ಯವಲ್ಲ. ತಿಂಗಳ ಮೊದಲ ಸಂಬಳ ಕೈಗೆ ಬಂದ ಗುಮಾಸ್ತೆಯೊಬ್ಬಳು ಕಟ್ಟೆಯ ಮುಂದೆ ನಿಂತಳೆನ್ನೋಣ. ಅನುಭವವಿಲ್ಲದವಳಾದರೆ ಬಣ್ಣ ನೋಡಿ ಕೈ ಚಾಚುವಳು. ತಿಳಿದವಳು ಮೊದಲು ನೋಡುವುದು ಭುಜ. ಕೋಟಿನ ಸೊಂಟವನ್ನು ಹಿಡಿಸಬಹುದು, ತೋಳನ್ನು ಗಿಡ್ಡ ಮಾಡಬಹುದು. ಭುಜದ ಹೊಲಿಗೆ ತನ್ನ ಭುಜದ ಮೂಳೆಯ ತುದಿಗೆ ಕೂಡದಿದ್ದರೆ ಅದನ್ನು ಸರಿಪಡಿಸುವ ಖರ್ಚಿಗೆ ಇನ್ನೊಂದು ಕೋಟೇ ಬಂದೀತು. ಆಮೇಲೆ ಕಂಕುಳು, ಕಾಲರಿನ ಮಡಿಕೆ, ಷರಾಯಿಯ ತೊಡೆಯ ಒಳಭಾಗ. ಬೆಳಕಿಗೆ ಹಿಡಿದಾಗ ನೂಲು ಸವೆದು ತೆಳ್ಳಗಾದ ಜಾಗ ತಾನಾಗಿ ಕಾಣುತ್ತದೆ. ಒಳಗಿನ ಚೀಟಿಯನ್ನು ಓದಿ ಹತ್ತಿಯೋ ನಾರುಬಟ್ಟೆಯೋ ಪಾಲಿಯೆಸ್ಟರೋ ತಿಳಿಯುವಳು. ಉಣ್ಣೆಯ ಒಳಪದರವಿರುವ ಕೋಟು ಎಷ್ಟೇ ಅಂದವಾಗಿದ್ದರೂ ಬಸ್ಸಿನ ಸೆಕೆಯಲ್ಲಿ ಅದು ಶಿಕ್ಷೆಯೇ ಸರಿ. ಬಟ್ಟೆಯನ್ನು ಹಿಗ್ಗಿಸಬೇಕಾದರೆ ಹೊಲಿಗೆಯ ಒಳಗೆ ಎಷ್ಟು ಅಂಚು ಬಿಟ್ಟಿದೆಯೆಂದು ನೋಡಬೇಕು. ಗಂಡಸರ ಷರಾಯಿಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಅಷ್ಟಿಷ್ಟು ಉಳಿದಿರುತ್ತದೆ. ಹೆಂಗಸರ ಸಿದ್ಧ ಉಡುಪಿನಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಆದಕಾರಣ ಒಂದಳತೆ ದೊಡ್ಡದನ್ನೇ ಕೊಂಡು ಕಿರಿದು ಮಾಡಿಸುವುದು ಲೇಸು. ಈ ಪಾಠ ಅಕ್ರಾಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಓದುಗರು ತಿಳಿಯಬೇಕಾಗಿಲ್ಲ.

ಚೌಕಾಸಿ ಮುಗಿದ ಮೇಲೆ ಆಕೆ ಮನೆಗೆ ಹೋಗುವುದಿಲ್ಲ, ಪೇಟೆಯ ಇನ್ನೊಂದು ಮಗ್ಗುಲಿಗೆ ನಡೆಯುತ್ತಾಳೆ. ಅಲ್ಲಿ ಹೊಲಿಗೆ ಯಂತ್ರಗಳ ಸಾಲು. ದರ್ಜಿ ಬಟ್ಟೆಯನ್ನು ಆಕೆಯ ಮೈಮೇಲೆಯೇ ತಿರುವುಮುರುವಾಗಿ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಗಲವಾದ ಕೋಟಿನ ಎರಡು ಮಗ್ಗುಲನ್ನೂ ಹಿಡಿಸುವನು. ಸಡಿಲವಾದ ಗಂಡಸರ ಅಂಗಿ ಹೆಂಗಸರ ಕುಪ್ಪಸವಾಗುವುದು, ಉದ್ದ ಷರಾಯಿ ಮೊಳಕಾಲಿನವರೆಗಿನ ಲಂಗವಾಗುವುದು. ಪ್ಲಾಸ್ಟಿಕ್ ಗುಂಡಿಗಳನ್ನು ಕಿತ್ತು ಆರೂ ಒಂದೇ ಬಗೆಯ ಹೊಸ ಗುಂಡಿಗಳನ್ನು ಹಾಕಿದರೆ ಹಳೆಯ ಕೋಟಿನ ಮುಖವೇ ಬದಲಾಗುತ್ತದೆ. ಬಣ್ಣ ಮಾಸಿದ್ದರೆ ಬಣ್ಣಗಾರರಿದ್ದಾರೆ: ಬೆಳ್ಳಗಾದ ಜೀನ್ಸನ್ನು ಬಿಸಿ ಬಣ್ಣದಲ್ಲಿ ಅದ್ದಿ ಕಪ್ಪಗೆ ಎತ್ತುವರು. ಕೊನೆಗೆ ಇಸ್ತ್ರಿ. ಮನೆಯಲ್ಲಿ ಬಿಸಿನೀರಿನ ಒಗೆತವಾಗಿ ಬಿಸಿಲು ಕಂಡ ಮೇಲೆ, ಸೋಮವಾರ ಬೆಳಗ್ಗೆ ಅದು ಯಾರದೋ ಬಿಟ್ಟ ಬಟ್ಟೆಯೆನ್ನಲು ಯಾವ ಗುರುತೂ ಉಳಿದಿರುವುದಿಲ್ಲ. ಹೊಸ ಅಂಗಡಿಯ ಉಡುಪು ಒಂದೇ ಅಳತೆಯಲ್ಲಿ ಸಾವಿರ ಜನರಿಗೆ ಹೊಲಿದದ್ದು. ಇದಾದರೋ ಕಡೆಯ ಹೊಲಿಗೆಯನ್ನು ಆಕೆಯ ಮೈಗೆಂದೇ ಹಾಕಿಸಿಕೊಂಡದ್ದು. ಆಕೆಯ ನಡಿಗೆಯ ಗತ್ತಿಗೆ ಇದೂ ಒಂದು ಕಾರಣವಿರಬೇಕು.

ಶುಕ್ರವಾರ ಮಾತ್ರ ಚಿತ್ರ ಬೇರೆ. 2004ರಲ್ಲಿ ಘಾನಾ ಸರ್ಕಾರ ‘ನ್ಯಾಷನಲ್ ಫ್ರೈಡೇ ವೇರ್’ ಎಂಬ ಯೋಜನೆಯನ್ನು ಆರಂಭಿಸಿ, ವಾರಕ್ಕೊಂದು ದಿನ ನಾಡಿನ ಬಟ್ಟೆಯನ್ನು ತೊಟ್ಟು ಕಚೇರಿಗೆ ಬರಬೇಕೆಂದು ಪ್ರೋತ್ಸಾಹಿಸಿತು. ಅದಕ್ಕೆ ಕಾರಣವೂ ಇತ್ತು. 1970ರ ದಶಕದಲ್ಲಿ ಅಲ್ಲಿನ ಜವಳಿ ಗಿರಣಿಗಳಲ್ಲಿ ಸುಮಾರು 25,000 ಜನ ದುಡಿಯುತ್ತಿದ್ದರು. ಮೂರು ದಶಕಗಳಲ್ಲಿ ಆ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿಯಿತು. ತಪ್ಪನ್ನೆಲ್ಲ ಹಳೆಬಟ್ಟೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಲ್ಲಿನ ಪ್ರಸಿದ್ಧ ಮೇಣದಚ್ಚಿನ ಬಟ್ಟೆಯ ಮಾದರಿಗಳನ್ನೇ ನಕಲು ಮಾಡಿ ಏಷ್ಯದಿಂದ ಅಗ್ಗದಲ್ಲಿ ತಂದು ಸುರಿದದ್ದೂ, ಹಳೆಯ ಯಂತ್ರಗಳೂ, ಹಣದ ಅಭಾವವೂ ಸೇರಿ ಗಿರಣಿಗಳನ್ನು ಬಾಗಿಸಿದವು. ಜನರಂತೂ ಎರಡನ್ನೂ ಕೂಡಿಸಿಕೊಂಡರು. ಬೂದುಬಣ್ಣದ ಹಳೆಯ ಕೋಟಿನ ಕಾಲರಿಗೆ ಬಣ್ಣಬಣ್ಣದ ಮೇಣದಚ್ಚಿನ ಪಟ್ಟಿ ಹೊಲಿಸಿದರೆ ಶುಕ್ರವಾರಕ್ಕೂ ಆಯಿತು, ಸೋಮವಾರಕ್ಕೂ ಆಯಿತು. ಸರ್ಕಾರ ಕಟ್ಟುನಿಟ್ಟು ತೋರಿದ್ದು ಒಳ ಉಡುಪಿನಲ್ಲಿ: ಬಳಸಿದ ಒಳ ಉಡುಪಿನ ಆಮದನ್ನು 1994ರಲ್ಲಿಯೇ ನಿಷೇಧಿಸಿದ್ದರೂ 2011ರವರೆಗೆ ಅದು ಕಾಗದದ ಮೇಲೆಯೇ ಉಳಿದಿತ್ತು.

ಮಾರಾಟವಾಗದ, ಹೊಲಿಯಲೂ ಬಾರದ ಬಟ್ಟೆಯ ಗತಿಯನ್ನು ಕಾಣಬೇಕಾದರೆ ಕಡಲ ಕಡೆಗೆ ಹೋಗಬೇಕು. ಕಸದ ಗಾಡಿಗಳಿಗೆ ಮೀರಿದ್ದು ಚರಂಡಿಯನ್ನು ಸೇರಿ, ಚರಂಡಿಯಿಂದ ಸಮುದ್ರಕ್ಕೆ ಹೋಗಿ, ಹಗ್ಗದಂತೆ ಹೆಣೆದುಕೊಂಡು ಮರಳಿನಲ್ಲಿ ಹೂತು ಕುಳಿತಿದೆ. ಬೆಸ್ತರ ಬಲೆಗೆ ಮೀನಿನ ಜೊತೆಗೆ ಅಂಗಿ ತೋಳುಗಳೂ ಸಿಕ್ಕುವುವು. ಬೇಲಿನಲ್ಲಿ ಕಸ ಎಷ್ಟು ಪಾಲು ಎಂಬುದರ ಬಗ್ಗೆ ಪರಿಸರವಾದಿಗಳಿಗೂ ವ್ಯಾಪಾರಿಗಳ ಸಂಘಕ್ಕೂ ವಾದ ನಡೆದೇ ಇದೆ. ಕಸವನ್ನು ಅರಿವೆಯೆಂದು ಕಟ್ಟಿ ಕಳುಹಿಸಿದವರು ಮಾತ್ರ ಈ ವಾದದಲ್ಲಿ ಹೆಚ್ಚಾಗಿ ಬಾಯಿ ತೆರೆಯುವುದಿಲ್ಲ.

2025ರ ಜನವರಿ 1ರ ರಾತ್ರಿ ಕಾಂಟಾಮಾಂಟೊಕ್ಕೆ ಬೆಂಕಿ ಬಿತ್ತು. ಪೇಟೆಗೆ ಬೆಂಕಿ ಹೊಸದಲ್ಲ, 2013ರಲ್ಲಿಯೂ ಅದು ಉರಿದಿತ್ತು. ಆದರೆ ಇದು ಅದಕ್ಕಿಂತ ಭೀಕರ. ಮರದ ಕಟ್ಟೆ, ಒತ್ತಿ ಕಟ್ಟಿದ ಬಟ್ಟೆ, ಇಕ್ಕಟ್ಟಾದ ಓಣಿ ಇವೆಲ್ಲ ಸೇರಿ ಅಗ್ನಿಶಾಮಕರಿಗೆ ದಾರಿಯೇ ಇಲ್ಲದಂತಾಯಿತು. ಬೆಳಗಾಗುವುದರೊಳಗೆ ಪೇಟೆಯ ಬಹುಭಾಗ ಬೂದಿಯಾಗಿತ್ತು. ಸಾವಿರಾರು ವ್ಯಾಪಾರಿಗಳು ಮಾಲನ್ನು ಕಳೆದುಕೊಂಡರು. ಆ ಮಾಲಿನ ಮೇಲಿನ ಸಾಲ ಮಾತ್ರ ಸುಡಲಿಲ್ಲ. ದರ್ಜಿಗಳ ಸಾಲಿನಲ್ಲಿ ಹೊಲಿಗೆ ಯಂತ್ರಗಳ ಕಬ್ಬಿಣದ ಎಲುಬು ಮಾತ್ರ ಉಳಿದಿತ್ತು.

ಪರಿಹಾರಕ್ಕೆ ಕಾದು ಕುಳಿತಿದ್ದರೆ ಏನಾಗುತ್ತಿತ್ತೋ. ಬೂದಿ ಪೂರ್ತಿ ತಣಿಯುವ ಮೊದಲೇ ವ್ಯಾಪಾರಿಗಳು ತಂತಮ್ಮ ಜಾಗಗಳಿಗೆ ಗೂಟ ಹೊಡೆದು ಹಲಗೆ ಜೋಡಿಸತೊಡಗಿದರು. ಬಡಗಿಗಳ ಸುತ್ತಿಗೆಯ ಸದ್ದಿನ ನಡುವೆಯೇ ನೆಲದ ಮೇಲೆ ಟಾರ್ಪಾಲು ಹಾಸಿ ಹೊಸ ಬೇಲುಗಳನ್ನು ಬಿಚ್ಚಿದರು. ಕೆಲವು ತಿಂಗಳುಗಳಲ್ಲಿ ಸಾಲುಗಳು ಮತ್ತೆ ತಲೆಯೆತ್ತಿದವು. ಈ ಸಲ ಓಣಿಯನ್ನು ಅಗಲವಾಗಿ ಬಿಡಬೇಕು, ವಿದ್ಯುತ್ ತಂತಿಗಳನ್ನು ಕ್ರಮವಾಗಿ ಎಳೆಯಬೇಕು ಎಂಬ ಮಾತುಗಳು ಎದ್ದವು. ಓಣಿ ಅಗಲವಾಗಬೇಕಾದರೆ ಯಾರಾದರೂ ತಮ್ಮ ಕಟ್ಟೆಯಿಂದ ಒಂದು ಮೊಳ ಬಿಟ್ಟುಕೊಡಬೇಕು. ಒಂದು ಮೊಳ ಹಲಗೆಯೆಂದರೆ ಅಲ್ಲಿ ಹತ್ತು ಕೋಟುಗಳನ್ನು ತೂಗುಹಾಕುವ ಜಾಗ.