ಜಾಹೀರಾತಿನ ಹಾಳಿ ಹರೀಬ್ಯಾಡ್ರೀ

ಹಳೆಯ ವಾರಪತ್ರಿಕೆ ಕೈಗೆ ಸಿಕ್ಕರೆ ಅದನ್ನು ಸಂಪಾದಕೀಯದಿಂದ ಓದಲು ಶುರು ಮಾಡುವವರು ಯಾರೂ ಇಲ್ಲ. ಮೊದಲು ಕಣ್ಣು ಹೋಗುವುದು ಬೆಲೆಯ ಮೇಲೆ. ಆಮೇಲೆ ಹಿಂಬದಿಯ ರಕ್ಷಾಪುಟದ ಸಾಬೂನಿನ ಮೇಲೆ. ಆಮೇಲೆ ಒಳಗಿನ ಉಷಾ ಹೊಲಿಗೆ ಯಂತ್ರ, ತುಟಿಗೆ ಬೆರಳಿಟ್ಟ ಮರ್ಫಿ ರೇಡಿಯೊದ ಕೂಸು, ಎಚ್‌ಎಂಟಿ ಕೈಗಡಿಯಾರ, ಅಮೃತಾಂಜನದ ಡಬ್ಬಿ. ಕತೆ, ಲೇಖನ, ರಾಜಕೀಯ ಎಲ್ಲ ಕಡೆಗೆ. ಅದೂ ಮಳೆ ಹಿಡಿದು ಹೊರಗೆ ಹೋಗಲಾಗದಿದ್ದರೆ. ಸಂಪಾದಕರು ಮುಖ್ಯವೆಂದು ಮುಂದಿಟ್ಟದ್ದು ಐವತ್ತು ವರ್ಷದಲ್ಲಿ ಹಳಸಿರುತ್ತದೆ. ಹೊಟ್ಟೆಪಾಡಿಗೆಂದು ಹಿಂದಿನ ಪುಟಗಳಿಗೆ ತಳ್ಳಿದ್ದು ಮಾತ್ರ ಇನ್ನೂ ಮಾತಾಡುತ್ತಿರುತ್ತದೆ.

ರೋಣ, ನರಗುಂದ, ಗಜೇಂದ್ರಗಡದ ಕಡೆ ಇಂಥ ಪತ್ರಿಕೆಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ, ಇಲ್ಲವೇ ರದ್ದಿ ಅಂಗಡಿಯ ತಕ್ಕಡಿಯ ಬಾಜೂಕ್ಕೆ ಸಿಗುತ್ತವೆ. ಮೇಲಿನ ಹಾಳಿ ಹರಿದು ತಾರೀಖು ಹೋಗಿರುವುದೇ ಹೆಚ್ಚು. ಬಲ್ಲವರಿಗೆ ತಾರೀಖಿನ ಗರಜೂ ಇಲ್ಲ. ಜಾಹೀರಾತಿನಲ್ಲಿ ಬೆಲೆ ‘ನಯೇ ಪೈಸೆ’ಯಲ್ಲಿದ್ದರೆ ಅದು 1957ರ ಏಪ್ರಿಲ್‌ನಿಂದ ಈಚಿನದು, 1964ರ ಜೂನ್‌ನಲ್ಲಿ ಆ ‘ನಯೇ’ ಬಿದ್ದುಹೋಗಿ ಬರೀ ಪೈಸೆ ಉಳಿಯಿತು. ಬರೇ ಆಣೆಯ ಲೆಕ್ಕವಿದ್ದರೆ ಇನ್ನೂ ಹಿಂದಕ್ಕೆ ಹೋಗಬೇಕು. ವಿಳಾಸಕ್ಕೆ ಪಿನ್ ಕೋಡ್ ಅಂಟಿಕೊಂಡಿದ್ದರೆ 1972ರ ಆಗಸ್ಟ್ 15 ದಾಟಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ರಾಜ್ಯದ ಹೆಸರು ಮೈಸೂರು ಎಂದಿದ್ದರೆ 1973ರ ನವೆಂಬರ್ ಇನ್ನೂ ಬಂದಿಲ್ಲ. ‘ಗಜೇಂದ್ರಗಡ, ತಾ. ರೋಣ, ಜಿ. ಧಾರವಾಡ’ ಎಂಬ ವಿಳಾಸವಂತೂ ಈಗ ಪೂರಾ ಇತಿಹಾಸ. 1997ರಲ್ಲಿ ಗದಗ ಜಿಲ್ಲೆಯಾಯಿತು, ಆಮೇಲೆ ಗಜೇಂದ್ರಗಡವೇ ತಾಲ್ಲೂಕಾಯಿತು. ನರಗುಂದದ ಗುಡ್ಡದ ಕೆಳಗಿನ ಒಂದು ಮಾಳಿಗೆ ಮನೆ ಇದ್ದ ಜಾಗದಿಂದ ಒಂದು ಗೇಣೂ ಸರಿಯದೆ ಮುಂಬೈ, ಮೈಸೂರು, ಕರ್ನಾಟಕ ಎಂದು ಮೂರು ರಾಜ್ಯ, ಧಾರವಾಡ, ಗದಗ ಎಂದು ಎರಡು ಜಿಲ್ಲೆ ತಿರುಗಿ ಬಂದಿದೆ. ಅದರ ಸಾಕ್ಷಿ ಇರುವುದು ಹಳೆಯ ಜಾಹೀರಾತುಗಳ ಕೆಳಗಿನ ಸಣ್ಣಕ್ಷರದ ಸಾಲಿನಲ್ಲಿ.

ಹಾಗೆ ನೋಡಿದರೆ ಈ ಮೂರೂ ಊರುಗಳಿಗೆ ಭೂತಕಾಲದ ಬರಗಾಲವೇನೂ ಇಲ್ಲ. ರೋಣದಲ್ಲಿ ಹಳೆಯ ಗುಡಿಗಳಿವೆ, ಹತ್ತಿರದ ಸೂಡಿಯಲ್ಲಿ ಜೋಡುಕಳಸದ ಗುಡಿ ಮತ್ತು ನಾಗಕುಂಡ. ಗಜೇಂದ್ರಗಡದ ಹೆಸರಿನಲ್ಲಿ 1787ರ ಒಪ್ಪಂದವಿದೆ, ಮರಾಠರಿಗೂ ಟಿಪ್ಪುವಿಗೂ ಆದದ್ದು. ನರಗುಂದದಲ್ಲಿ ಅರಸ ಬಾಬಾಸಾಹೇಬ 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದ ಮೇಲೆ ಈ ಸೀಮೆಯ ಮಕ್ಕಳಿಗೆ ಹಿಂದಿನ ಕಾಲವೆಂದರೆ ಕೋಟೆ, ಶಾಸನ, ಖಡ್ಗ ಎಂಬುದು ಎದೆಯಲ್ಲಿ ಕೂತುಬಿಟ್ಟಿತು. ಆ ಕಾಲಕ್ಕೆ ಅದು ಬೇಕಿತ್ತು. ಮುಂಬೈ ಪ್ರಾಂತ್ಯದೊಳಗೆ ಮೂಲೆಗುಂಪಾದ ಕನ್ನಡದವರಿಗೆ ತಲೆ ಎತ್ತಲು ಒಂದು ಆಸರೆ ಬೇಕಿತ್ತು.

ಹಗೇವಿಗೆ ಮಾತ್ರ ಯಾರೂ ಫಲಕ ನೆಡಲಿಲ್ಲ. ಎರೆ ಸೀಮೆಯ ಹಳ್ಳಿಗಳಲ್ಲಿ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಒಳಗೆ ಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಅವಸರ ಮಾಡುವಂತಿರಲಿಲ್ಲ. ಕಾಳಿನ ಉಸಿರಿಗೆ ಒಳಗಿನ ಗಾಳಿ ಕೆಟ್ಟಿರುತ್ತದೆ. ತಟ್ಟನೆ ಇಳಿದವರು ಅಲ್ಲೇ ಉಸಿರುಗಟ್ಟಿ ಬಿದ್ದದ್ದುಂಟು. ಅದಕ್ಕೇ ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಒಳಗಿಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಇಷ್ಟು ಜಾಣತನ ಯಾವ ಶಾಸನದಲ್ಲಿದೆ? ಯಾರೋ ಒಬ್ಬ ನಿವೃತ್ತ ಮಾಸ್ತರರು ಬಾಲ್ಯ ನೆನೆದು ಪುರವಣಿಗೆ ಬರೆದ ಒಂದೂವರೆ ಪುಟದಲ್ಲಿದೆ. ಅದನ್ನು ಓದಿದ ಇನ್ನೊಬ್ಬರು ‘ನಮ್ಮೂರಾಗ ಹಂಗಿರಲಿಲ್ಲ’ ಎಂದು ಮುಂದಿನ ವಾರ ಬರೆದ ಪತ್ರದಲ್ಲಿದೆ.

ಅಮೆರಿಕದಲ್ಲಿ ಇಂಥ ನೆನಪುಗಳಿಗೆಂದೇ ಪತ್ರಿಕೆಗಳಿವೆ. 1991ರಲ್ಲಿ ವಿಸ್ಕಾನ್ಸಿನ್‌ನಿಂದ ಹೊರಟ ‘ರೆಮಿನಿಸ್’ ಅಂಥದ್ದು. ಅಜ್ಜನ ಮೊದಲ ಕಾರು, ಅಜ್ಜಿಯ ಅಡುಗೆ ಒಲೆ, ಶಾಲೆಯ ಊಟದ ಡಬ್ಬಿ. ಬರೆಯುವವರೂ ಓದುಗರೇ, ಫೋಟೊ ಕಳಿಸುವವರೂ ಓದುಗರೇ. ಕನ್ನಡದಲ್ಲಿ ಆ ಕೆಲಸ ಚಿಲ್ಲರೆಯಾಗಿ ಹಂಚಿಹೋಗಿದೆ. ‘ಪ್ರಜಾವಾಣಿ’ಯ ‘50 ವರ್ಷಗಳ ಹಿಂದೆ’ ಅಂಕಣವನ್ನು ಅಂದಿನ ಸುದ್ದಿಗಿಂತ ಮೊದಲು ಓದುವವರು ಪ್ರತಿ ಊರಿನ ಚಹಾದಂಗಡಿಯಲ್ಲೂ ಒಬ್ಬಿಬ್ಬರಾದರೂ ಸಿಗುತ್ತಾರೆ. ಉಳಿದಂತೆ ಇಲ್ಲಿಯ ಜನಕ್ಕೆ ನೆನಪಿನ ಪತ್ರಿಕೆಯೆಂದರೆ ನಿಜವಾಗಿಯೂ ಹಳೆಯದಾದ ಪತ್ರಿಕೆಯೇ: 1921ರಿಂದ ಬಂದ ‘ಕರ್ಮವೀರ’, 1956ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದ ‘ಕಸ್ತೂರಿ’, 1965ರ ‘ಸುಧಾ’, ಮಕ್ಕಳಿಗೆ 1949ರಿಂದ ಕನ್ನಡದಲ್ಲಿ ಸಿಕ್ಕ ‘ಚಂದಮಾಮ’.

ಇವುಗಳಲ್ಲಿ ‘ಕಸ್ತೂರಿ’ಯ ಮೇಲೆ ಈ ಕಡೆಯವರಿಗೆ ಒಂದು ಗುಂಜಿ ಹೆಚ್ಚಿನ ಪ್ರೀತಿ. ಹುಬ್ಬಳ್ಳಿ ಹತ್ತಿರದ ಊರು ಎಂಬುದೊಂದೇ ಕಾರಣವಲ್ಲ. ಸಂಪಾದಕ ಪಾ.ವೆಂ. ಆಚಾರ್ಯರು ಅದರಲ್ಲಿ ಏನೆಲ್ಲ ತುರುಕುತ್ತಿದ್ದರು! ಒಂದು ಶಬ್ದದ ಹುಟ್ಟು ಹುಡುಕುವ ‘ಪದಾರ್ಥ ಚಿಂತಾಮಣಿ’, ಒಂದಿಡೀ ಪುಸ್ತಕವನ್ನು ಹಿಂಡಿ ಕೊಡುವ ಪುಸ್ತಕ ವಿಭಾಗ, ನಡುವೆ ವಿಜ್ಞಾನ, ನಗೆ, ವೈದ್ಯ. ಗ್ರಂಥಾಲಯ ಕಾಣದ ಹಳ್ಳಿಯಲ್ಲಿ ವರ್ಷದ ಹನ್ನೆರಡು ಸಂಚಿಕೆ ಸೇರಿಸಿ ಬೈಂಡ್ ಮಾಡಿಸಿದರೆ ಅದೇ ಗ್ರಂಥಾಲಯ. ಸಾಹಿತ್ಯದ ಹುಚ್ಚು ಹಿಡಿದವರ ದಾರಿ ಬೇರೆಯಿತ್ತು: ರೋಣ ತಾಲ್ಲೂಕಿನ ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ 1964ರಲ್ಲಿ ಚಂದ್ರಶೇಖರ ಪಾಟೀಲ, ಸಿದ್ಧಲಿಂಗ ಪಟ್ಟಣಶೆಟ್ಟರ ಜೊತೆ ಧಾರವಾಡದಲ್ಲಿ ‘ಸಂಕ್ರಮಣ’ ಆರಂಭಿಸಿದರು. ಅದರ ಹಳೆಯ ಸಂಚಿಕೆ ಹಿಡಿದು ಚಹಾದ ರೇಟು ಹುಡುಕುವವರು ಕಡಿಮೆ.

ಬೈಂಡಿಂಗಿನ ಮಾತು ಬಂದಾಗ ಒಂದು ಚೇಷ್ಟೆಯನ್ನು ಹೇಳಲೇಬೇಕು. ಅರವತ್ತು, ಎಪ್ಪತ್ತರ ದಶಕದ ಮನೆಗಳಲ್ಲಿ ವಾರಪತ್ರಿಕೆಯ ಧಾರಾವಾಹಿಯ ಹಾಳಿಗಳನ್ನು ಮಾತ್ರ ಹುಷಾರಾಗಿ ಕಿತ್ತು, ವಾರಕ್ಕೆ ವಾರ ಜೋಡಿಸಿ, ಕಡೆಗೆ ರಟ್ಟು ಹಾಕಿಸಿ ಕಾದಂಬರಿ ಮಾಡಿಕೊಳ್ಳುತ್ತಿದ್ದರು. ಉಳಿದ ಮೈ, ಅಂದರೆ ಜಾಹೀರಾತು, ಓದುಗರ ಪತ್ರ, ಬೀಚಿಯವರ ‘ನೀವು ಕೇಳಿದಿರಿ?’ಯ ಉತ್ತರಗಳು, ಸ್ವೆಟರ್ ಹೆಣೆಯುವ ವಿಧಾನ, ಎಲ್ಲ ಕಿರಾಣಿ ಅಂಗಡಿಗೆ ಹೋಗಿ ಶೇಂಗಾದ ಪೊಟ್ಟಣವಾಯಿತು. ಆ ಕಾದಂಬರಿಗಳೇನೋ ಆಮೇಲೆ ಪುಸ್ತಕವಾಗಿ ಬಂದವು, ಮರುಮುದ್ರಣವನ್ನೂ ಕಂಡವು. ಪೊಟ್ಟಣವಾದದ್ದು ಮಾತ್ರ ಮರಳಿ ಸಿಗಲಿಲ್ಲ. ಇವತ್ತು ಟ್ರಂಕು ತೆರೆದವರು ಹುಡುಕುವುದು ಆ ಪೊಟ್ಟಣವನ್ನೇ.

ಹುಡುಕಿದ್ದು ಸಿಕ್ಕಾಗಲೂ ಎಲ್ಲ ಅದರಲ್ಲಿರುವುದಿಲ್ಲ. ರೇಡಿಯೊ ಜಾಹೀರಾತಿನಲ್ಲಿ ಕೋಟು ತೊಟ್ಟ ಗಂಡ, ಸೋಫಾದ ಮೇಲೆ ಹೆಂಡತಿ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದ ಮೇಲೆ ಇಲ್ಲಿ ರೇಡಿಯೊ ಕೇಳಿದವರಲ್ಲಿ ಹೆಚ್ಚಿನವರಿಗೆ ಸೋಫಾ ಎಲ್ಲಿಯದು? ಗೌಡರ ಪಡಸಾಲೆಯ ಕಟ್ಟೆಯ ಮೇಲೆ, ಹೋಟೆಲಿನ ಹೊರಗೆ ನಿಂತು ಕೇಳಿದ್ದೇ ಬಹಳ. ಅದಕ್ಕೂ ಹಿಂದೆ ಗ್ರಾಮಫೋನಿನದೂ ಇದೇ ಕತೆ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಂಗಡಿಯಲ್ಲಿ ಹಚ್ಚಿದ್ದ ಅಬ್ದುಲ್ ಕರೀಂ ಖಾನರ ತಟ್ಟೆ ಕೇಳಿಯೇ ಹುಚ್ಚು ಹತ್ತಿಸಿಕೊಂಡು, ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟವರು. ತಟ್ಟೆಯ ಕಂಪನಿಯವರ ಲೆಕ್ಕದಲ್ಲಿ ಆ ಹುಡುಗ ಗಿರಾಕಿಯೇ ಅಲ್ಲ.

ಸೀರೆಯ ವಿಷಯವೂ ಅಷ್ಟೇ. ಪುಟ ತಿರುಗಿಸಿದರೆ ಮುಂಬೈ, ಅಹಮದಾಬಾದಿನ ಗಿರಣಿಗಳ ವಾಯಿಲ್, ನೈಲಾನ್. ಗಜೇಂದ್ರಗಡದ ಮಗ್ಗದಲ್ಲಿ ನೇಯುತ್ತಿದ್ದ ಪಟ್ಟೇದ ಅಂಚಿನ ಸೀರೆ, ಒರಟು ಹತ್ತಿಯದು, ಚೌಕಳಿಯದು, ಎರಡೂ ಬದಿ ಉಡಬಹುದಾದದ್ದು, ಆ ಬಣ್ಣದ ಪುಟಗಳಿಗೆ ಹತ್ತುವುದೆಲ್ಲಿಂದ? ಮಗ್ಗದವನಿಗೆ ಜಾಹೀರಾತು ಕೊಡುವ ಶಕ್ತಿ ಇರಲಿಲ್ಲ, ಉಡುವ ಹೊಲದ ಹೆಂಗಸಿಗೆ ಜಾಹೀರಾತು ನೋಡಿ ಕೊಳ್ಳುವ ರೂಢಿ ಇರಲಿಲ್ಲ. ಅದು ಹೆಚ್ಚುಕಡಿಮೆ ಮರೆತೇಹೋಗಿತ್ತು. ಈಚಿನ ವರ್ಷಗಳಲ್ಲಿ ಅದನ್ನು ಮತ್ತೆ ಮಗ್ಗಕ್ಕೇರಿಸಿದ್ದಾರೆ. ಈಗ ಅದು ಪೇಟೆಯ ಫ್ಯಾಷನ್ನು, ಪತ್ರಿಕೆಯಲ್ಲಿ ಬಣ್ಣದ ಫೋಟೊ ಸಹಿತ. ಹಳೆಯ ತುಂಡುಗಳಿಗೆ ಜಾಗ ಸಿಗುತ್ತಿದ್ದದ್ದು ಕೌದಿಯ ಪದರಿನಲ್ಲಿ. ಒಂದು ಹಳೆಯ ಕೌದಿಯನ್ನು ಬಿಚ್ಚಿದರೆ ಆ ಮನೆಯ ಮೂರು ತಲೆಮಾರಿನ ಬಟ್ಟೆಯ ಸಂಚಿಕೆಗಳೆಲ್ಲ ಬೈಂಡ್ ಆಗಿ ಕೂತಂತಿರುತ್ತವೆ.

ನೆನಪಿನ ಬರಹಗಳು ಬಿಡುವುದು ಇನ್ನೂ ಇದೆ. ಬೀಸುಕಲ್ಲಿನ ಹಾಡು ಚಂದ ಎಂದು ಬರೆಯುವವರು ಸಾಮಾನ್ಯವಾಗಿ ಬೀಸಿದವರಲ್ಲ. ನಸುಕಿನಲ್ಲೆದ್ದು ಬೀಸಿ, ಕೊಡ ಹೊತ್ತು ಕೆರೆಗೆ ನಡೆದು, ಹೊಗೆಯಲ್ಲಿ ರೊಟ್ಟಿ ಬಡಿದವರಿಗೆ ಗಿರಣಿ ಬಂದದ್ದೂ ನಳ ಬಂದದ್ದೂ ಹಬ್ಬವೇ. ‘ಆ ಕಾಲದ ಹೋಟೆಲಿನ ಚಹಾದ ರುಚಿ’ ಎಂಬ ಲೇಖನದಲ್ಲಿ ಒಳಗೆ ಕೂರಲು ಬಿಡದೆ ಬೇರೆ ಕಪ್ಪಿನಲ್ಲಿ ಹೊರಗೇ ಕುಡಿಸಿಕೊಂಡವರ ಮಾತು ಬರುವುದಿಲ್ಲ. ಎಪ್ಪತ್ತರ ದಶಕದ ಆರಂಭದ ಬರವನ್ನು ಕಂಡ ಮುದುಕಿಯರ ಮುಂದೆ ‘ಆಗಿನ ಊಟಾನ ಊಟ’ ಎಂದರೆ ‘ನಿಮಗ ಸಿಕ್ಕಿತ್ತ?’ ಎಂಬ ಉತ್ತರ ಬರಬಹುದು. ನರಗುಂದದಲ್ಲಂತೂ 1980ರ ಜುಲೈ 21 ಯಾರ ಹಳೆಯ ನೆನಪೂ ಅಲ್ಲ. ಮಲಪ್ರಭಾ ಕಾಲುವೆಯ ಕರದ ವಿರುದ್ಧ ರೈತರು ಎದ್ದಾಗ ಗೋಲಿಬಾರ್ ಆಯಿತು, ಈರಪ್ಪ ಕಡ್ಲಿಕೊಪ್ಪ ತೀರಿಕೊಂಡರು. ಪ್ರತಿ ವರ್ಷ ಆ ದಿನ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಲ್ಲಿ ಮಹದಾಯಿಯ ನೀರಿನ ಸಿಟ್ಟೂ ಸೇರಿಕೊಳ್ಳುತ್ತದೆ. ಆ ವಾರದ ಪತ್ರಿಕೆಯನ್ನು ಮಡಚಿಟ್ಟುಕೊಂಡವರು ಅದರ ಸಾಬೂನಿನ ಜಾಹೀರಾತು ನೋಡಿ ನಗಲು ಇಟ್ಟುಕೊಂಡಿಲ್ಲ.

ಇಷ್ಟಾದರೂ ಹಳೆಯ ಸಂಚಿಕೆ ಬಿಡಿಸುವ ಖುಷಿಗೆ ಕಡಿಮೆಯಾಗಬೇಕಿಲ್ಲ. ತಿಳಿದು ಓದಿದರೆ ಖುಷಿ ಹೆಚ್ಚೇ. ಈಗೀಗ ಸ್ಕ್ಯಾನ್ ಮಾಡಿ ಜಾಲಕ್ಕೇರಿಸುವವರೂ ಹುಟ್ಟಿಕೊಂಡಿದ್ದಾರೆ, ಪುಣ್ಯಾತ್ಮರು. ಅವರಲ್ಲಿ ಕೆಲವರದು ಮಾತ್ರ ಅದೇ ಹಳೆಯ ಚಾಳಿ: ‘ಕೆಲಸಕ್ಕೆ ಬಾರದ್ದು’ ಎಂದು ಜಾಹೀರಾತಿನ ಪುಟ ಹಾರಿಸುವುದು, ಫೋಟೊದ ಅಂಚು ಕತ್ತರಿಸಿ ವಾಟ್ಸ್ಆ್ಯಪಿಗೆ ಬಿಡುವುದು. ನರಗುಂದದ್ದೋ ರೋಣದ್ದೋ ಹೇಳಲಾಗದ ಒಂದು ಬಸ್ ಸ್ಟ್ಯಾಂಡಿನ ಚಿತ್ರ ಹೀಗೆ ಗುಂಪಿನಿಂದ ಗುಂಪಿಗೆ ಹೋಗುತ್ತದೆ. ‘ಇದು ನಮ್ಮದ ನೋಡ್ರಿ, ಆ ಬೇವಿನ ಗಿಡ ಗುರುತದ’ ಎಂದು ಒಬ್ಬರು. ‘ಎಲ್ಲಿದ್ರಿ ಮಾಸ್ತರ, ಅದು ಗಜೇಂದ್ರಗಡದ್ದು, ಹಿಂದ ಗುಡ್ಡ ಕಾಣಾಕತ್ತೇತಿ’ ಎಂದು ಇನ್ನೊಬ್ಬರು. ‘ಗುಡ್ಡ ನರಗುಂದದಾಗೂ ಐತಿ’ ಎಂದು ಮೂರನೆಯವರು. ರಾತ್ರಿ ಹನ್ನೊಂದಾದರೂ ಗುಡ್ಡ ಯಾವ ಊರದೆಂದು ತೀರ್ಮಾನವಾಗಿರುವುದಿಲ್ಲ. ಅಷ್ಟರಲ್ಲಿ ಮಾತು ಟೂರಿಂಗ್ ಟಾಕೀಸಿನ ನೆಲದ ಟಿಕೀಟಿಗೆ ಹೊರಳಿ, ಅಲ್ಲೊಂದು ಹೊಸ ಜಗಳ ಶುರುವಾಗಿರುತ್ತದೆ.